ಕುಸನೂರಿನ ನೂರು ಸಸಿಗಳು

ಮಾನ್ಯ ಗೃಹ ಸಚಿವರೇ,

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದದ್ದನ್ನು ನಿಮಗೆ ನೆನಪಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅಂದು ಸುಮಾರು ಎರಡು ಸಾವಿರ ಜನ ವಾದ್ಯ ಬಡಿಯುತ್ತ ಊರಾಚೆಯ ಬಯಲಿಗೆ ನಡೆದರು. ಅಲ್ಲಿ ಬೆಳೆಯುತ್ತಿದ್ದ ನೀಲಗಿರಿಯಲ್ಲಿ ಸುಮಾರು ನೂರು ಸಸಿಗಳನ್ನು ಕಿತ್ತರು. ಕಿತ್ತ ಕುಣಿಗಳಲ್ಲೇ ಹಣ್ಣಿನ, ಮೇವಿನ ಗಿಡ ನೆಟ್ಟು, ನೀರೆರೆದು ಸಾಕುತ್ತೇವೆಂದು ಪ್ರತಿಜ್ಞೆ ಮಾಡಿ ಮನೆಗೆ ಹೋದರು. ಇದಕ್ಕೆ ಅವರಿಟ್ಟ ಹೆಸರು ‘ಕಿತ್ತಿಕೊ–ಹಚ್ಚಿಕೊ’. ಆ ಸೀಮೆಯಲ್ಲಿ ಗಿಡ ನೆಡುವುದಕ್ಕೆ ‘ಹಚ್ಚುವುದು’ ಎನ್ನುತ್ತಾರೆ.

ಕಾಯಿದೆಯ ಪುಸ್ತಕ ಬಿಚ್ಚಿ ನೋಡಿದರೆ ಅದು ಅಪರಾಧವೇ. ಬೇರೆಯವರ ನೆಡುತೋಪಿಗೆ ನುಗ್ಗಿ ಗಿಡ ಕೀಳುವುದಕ್ಕೆ ಯಾವ ಕಲಮೂ ಅನುಮತಿ ಕೊಡುವುದಿಲ್ಲ. ಆದರೆ ಆ ನೆಡುತೋಪು ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನೂ ನೋಡಬೇಕು. ಅದಕ್ಕೆ ಸರಿಯಾಗಿ ಮೂರು ವರ್ಷ ಮೊದಲು, 1984ರ ನವೆಂಬರ್ 14ರಂದು, ಸರ್ಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿತು. ಬಂಡವಾಳದಲ್ಲಿ ಸರ್ಕಾರದ ಪಾಲು ಶೇ. 51. ಅದಕ್ಕೆ ಗೊತ್ತು ಮಾಡಿದ ಭೂಮಿ 30,000 ಹೆಕ್ಟೇರ್, ಗುತ್ತಿಗೆಯ ಅವಧಿ 40 ವರ್ಷ, ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಬೆಳೆದ ಮರದಲ್ಲಿ ಶೇ. 87.5 ನೇರವಾಗಿ ಕಾರ್ಖಾನೆಗೆ ಹೋಗಬೇಕು, ಉಳಿದದ್ದನ್ನು ಕೊಳ್ಳುವ ಹಕ್ಕೂ ಅದಕ್ಕೇ. ಸರ್ಕಾರದ ದಾಖಲೆಯಲ್ಲಿ ಆ ನೆಲ ಸರ್ಕಾರದ್ದು. ಊರಿನವರಿಗೆ ಅದು ದನ ಮೇಯುವ, ಒಲೆಗೆ ಸೌದೆ ತರುವ, ಮನೆ ಹೊದಿಸಲು ಹುಲ್ಲು ಕೊಯ್ಯುವ ನೆಲ. ನೀಲಗಿರಿ ಎಲೆಯನ್ನು ದನ ಮೂಸಿ ನೋಡುವುದಿಲ್ಲ. ಆ ಸಾಲುಗಳು ಎದ್ದ ಮೇಲೆ ಊರಿನ ಹೆಂಗಸರು ಸೌದೆಗೆ ಎಷ್ಟು ದೂರ ಹೋಗಬೇಕಾಯಿತು ಎಂದು ಒಪ್ಪಂದಕ್ಕೆ ಸಹಿ ಹಾಕಿದವರು ಯೋಚಿಸಿದಂತೆ ಕಾಣುವುದಿಲ್ಲ. ಸತ್ಯಾಗ್ರಹಕ್ಕೆ ಬಂದವರಲ್ಲಿ ಅಷ್ಟೊಂದು ಹೆಂಗಸರಿದ್ದದ್ದು ಈ ಕಾರಣಕ್ಕೇ.

ಅವರು ನೇರವಾಗಿ ಗಿಡ ಕೀಳಲು ಹೋದವರಲ್ಲ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮತ್ತು ಶಿವರಾಮ ಕಾರಂತರು ಮೊದಲು ಸುಪ್ರೀಂ ಕೋರ್ಟಿನ ಬಾಗಿಲು ಬಡಿದಿದ್ದರು. 1987ರ ಮಾರ್ಚ್‌ನಲ್ಲಿ ಕೋರ್ಟು ಕಂಪನಿಗೆ ಇನ್ನಷ್ಟು ಭೂಮಿ ಕೊಡದಂತೆ ತಡೆಯಾಜ್ಞೆ ಕೊಟ್ಟಿತ್ತು. ಆದರೆ ಆಗಲೇ ನೆಟ್ಟ ಗಿಡಗಳು ಹಾಗೇ ನಿಂತಿದ್ದವು. ಆಮೇಲೆಯೇ ಜನ, ಎಲ್ಲರಿಗೂ ಮೊದಲೇ ಸಾರಿ, ಹಗಲು ಹೊತ್ತಿನಲ್ಲಿ, ಮಕ್ಕಳು ಮರಿ ಕಟ್ಟಿಕೊಂಡು ಬಯಲಿಗೆ ಇಳಿದರು. 1991ರಲ್ಲಿ ಸರ್ಕಾರವೇ ಆ ಕಂಪನಿಯನ್ನು ಮುಚ್ಚಿತು. ಅಂದರೆ ನೂರು ಸಸಿ ಕಿತ್ತವರು ಹೇಳಿದ್ದನ್ನು ನಾಲ್ಕು ವರ್ಷ ತಡವಾಗಿ ಸರ್ಕಾರ ಒಪ್ಪಿಕೊಂಡಿತು.

ಇದನ್ನೀಗ ಎತ್ತುತ್ತಿರುವುದು ಹೊರಗಿನ ಗಾಳಿ ನನ್ನನ್ನು ಹೆದರಿಸಿರುವುದರಿಂದ. ಬ್ರಿಟನ್ನಿನಲ್ಲಿ 2022ರ ಅಕ್ಟೋಬರ್‌ನಲ್ಲಿ ತೈಲದ ವಿರುದ್ಧ ಹೋರಾಡುತ್ತಿದ್ದ ಇಬ್ಬರು ಹರೆಯದವರು ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಗಾಜಿನ ಮೇಲೆ ಟೊಮೆಟೊ ಸೂಪು ಎರಚಿದರು. ಚಿತ್ರಕ್ಕೆ ಏನೂ ಆಗಲಿಲ್ಲ, ಚೌಕಟ್ಟು ಕೆಟ್ಟಿತು. ಆ ಕೆಲಸ ನನಗೆ ಒಪ್ಪಿಗೆಯಿಲ್ಲ. ತೈಲ ಕಂಪನಿಯ ಮೇಲಿನ ಸಿಟ್ಟನ್ನು ಬಡತನದಲ್ಲೇ ಸತ್ತ ಕಲಾವಿದನ ಮೇಲೇಕೆ ತೀರಿಸಬೇಕು? ಆದರೆ ಅದಕ್ಕೆ ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ 20 ತಿಂಗಳ ಸೆರೆವಾಸ! ಅಲ್ಲಿನ ಎಂ25 ಹೆದ್ದಾರಿ ತಡೆಯಲು ಆನ್‌ಲೈನ್ ಸಭೆಯಲ್ಲಿ ಸಂಚು ಮಾಡಿದರೆಂದು 2024ರಲ್ಲಿ ಅದೇ ಹೋರಾಟದ ಐವರಿಗೆ ನಾಲ್ಕರಿಂದ ಐದು ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಅಲ್ಪಸ್ವಲ್ಪ ತಗ್ಗಿತು. ಗಂಟೆಗಟ್ಟಲೆ ರಸ್ತೆಯಲ್ಲಿ ಸಿಕ್ಕಿಬಿದ್ದವರ ಸಿಟ್ಟು ನಿಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಆ ಸಿಟ್ಟನ್ನೇ ನೆಪ ಮಾಡಿಕೊಂಡು 2022 ಮತ್ತು 2023ರಲ್ಲಿ ಅಲ್ಲಿನ ಸಂಸತ್ತು ಪ್ರತಿಭಟನೆಯ ಕೊರಳು ಹಿಸುಕುವ ಎರಡು ಕಾಯಿದೆ ಮಾಡಿತಲ್ಲ, ನನ್ನ ತಕರಾರು ಅದಕ್ಕೆ.

ನಮ್ಮಲ್ಲೂ ಆ ಗಾಳಿ ಬೀಸಿದೆ. 2021ರ ಫೆಬ್ರವರಿಯಲ್ಲಿ ದೆಹಲಿ ಪೊಲೀಸರು ಬೆಂಗಳೂರಿಗೆ ಬಂದು, ರೈತ ಹೋರಾಟದ ಬೆಂಬಲಕ್ಕಿದ್ದ ಒಂದು ಆನ್‌ಲೈನ್ ದಾಖಲೆಯ ಸಲುವಾಗಿ, ಪರಿಸರ ಕಾರ್ಯಕರ್ತೆ ದಿಶಾ ರವಿಯನ್ನು ರಾಜದ್ರೋಹದ ಆರೋಪದ ಮೇಲೆ ಕರೆದೊಯ್ದರು. ಹತ್ತು ದಿನದ ಮೇಲೆ ಜಾಮೀನು ಕೊಟ್ಟ ನ್ಯಾಯಾಧೀಶರು ಸಾಕ್ಷ್ಯದಲ್ಲಿ ಹುರುಳಿಲ್ಲವೆಂದರು. ಇಪ್ಪತ್ತೆರಡು ವರ್ಷದ ಹುಡುಗಿಗೆ ಆ ಹತ್ತು ದಿನ ಯಾರು ಹಿಂದಿರುಗಿಸುತ್ತಾರೆ?

ಅವರು ದೆಹಲಿಯ ಪೊಲೀಸರು ಎಂದು ನೀವು ಹೇಳಬಹುದು. ಸರಿ, ನಿಮ್ಮ ಕೈಯಲ್ಲಿರುವುದನ್ನೇ ಹೇಳುತ್ತೇನೆ. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆಗೆ 812 ಮರ ಬಲಿಯಾಗುತ್ತವೆಂದು ಸಾವಿರಾರು ಬೆಂಗಳೂರಿಗರು ಬಳ್ಳಾರಿ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. ಅವರಲ್ಲಿ ಸಾಫ್ಟ್‌ವೇರ್ ಕೆಲಸದವರೂ ಇದ್ದರು, ನಿವೃತ್ತರೂ ಶಾಲೆ ಮಕ್ಕಳೂ ಇದ್ದರು. ಮರು ವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಬೆಂಗಳೂರಿನ ಪ್ರತಿಭಟನೆಗಳ ಕುರಿತ 2021ರ ಆದೇಶದ ಪ್ರಕಾರ ಇಂದು ಹಾಗೆ ನಿಂತರೆ ಕೇಸು ಬೀಳುತ್ತದೆ. ಪ್ರತಿಭಟನೆಗೆ ಉಳಿದಿರುವ ಜಾಗ ಸ್ವಾತಂತ್ರ್ಯ ಉದ್ಯಾನ ಒಂದೇ, ಹಿಂದೆ ಸೆಂಟ್ರಲ್ ಜೈಲಾಗಿದ್ದ ಆವರಣ. ಮರ ಕಡಿಯುವುದು ಒಂದೆಡೆ, ಬೇಡ ಎನ್ನಬೇಕಾದದ್ದು ಕೆಲವು ಮೈಲಿ ಆಚೆ, ಗೋಡೆಯ ಒಳಗೆ. ಕುಸನೂರಿನವರನ್ನು ಧಾರವಾಡದ ಯಾವುದೋ ಮೈದಾನದಲ್ಲಿ ಕೂಡಿಸಿದ್ದರೆ ಆ ನೂರು ಸಸಿಗಳನ್ನು ಯಾರು ನೋಡುತ್ತಿದ್ದರು?

ರಸ್ತೆಯಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಡಿಸಿ, ಗಲಭೆಯಾದರೆ ತಡೆಯಿರಿ, ಯಾರ ಮೈಮೇಲೆ ಕೈ ಬಿದ್ದರೂ ಕ್ರಮ ಕೈಗೊಳ್ಳಿ. ನನ್ನ ಅಭ್ಯಂತರವಿಲ್ಲ. ಆದರೆ ಒಂದು ಮರದ ಬುಡದಲ್ಲಿ, ಒಂದು ಕೆರೆಯ ಏರಿಯ ಮೇಲೆ ನಿಂತು ಬೇಡವೆಂದವರ ಮೇಲೆ ಹೂಡಿರುವ ಕೇಸುಗಳನ್ನು ವಾಪಸ್ ತೆಗೆದುಕೊಳ್ಳಿ. 2021ರ ಆ ಆದೇಶವನ್ನು ಮುಂದಿನ ಅಧಿವೇಶನಕ್ಕೆ ಮೊದಲೇ ರದ್ದು ಮಾಡಿ. ಬಿಡುವಾದಾಗ ಒಮ್ಮೆ ಹಾನಗಲ್ಲಿನ ಕಡೆ ಹೋಗಿ ಬನ್ನಿ. ಅಂದು ಬಯಲಿಗೆ ನಡೆದವರಲ್ಲಿ ಯಾರಾದರೂ ಸಿಕ್ಕರೆ ಕೂತು ಅವರ ಮಾತು ಕೇಳಿ.

ಇಂತಿ,
ಮರಗಳ ಪರವಾಗಿ ನಿಂತವರ ಪರವಾಗಿ,
ಒಬ್ಬ ನಾಗರಿಕ