ಚಾಪೆಯ ಮೇಲಿನ ಶಾಲೆ

ಜೂನ್ ಬಂತೆಂದರೆ ಸಾಗರದ ನಮ್ಮ ಬೀದಿಯ ಮಕ್ಕಳೆಲ್ಲ ಹೊಸ ಬ್ಯಾಗು ಹೊತ್ತು ವ್ಯಾನು ಹತ್ತುತ್ತಾರೆ. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ನಮ್ಮ ಇಬ್ಬರು ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಾರೆ, ಅದೂ ಮನಸ್ಸು ಬಂದರೆ. ಪುಸ್ತಕದ ಚಿಂತೆಯಿಲ್ಲ, ಸರ್ಕಾರದ ಪಠ್ಯಗಳು ಪಿಡಿಎಫ್‌ನಲ್ಲಿ ಬಿಟ್ಟಿ ಸಿಗುತ್ತವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್‌) ಹತ್ತನೇ ತರಗತಿ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಅದು ದೂರದ ಮಾತು. ತಕರಾರಿರುವುದು ವೇಳಾಪಟ್ಟಿಯದು.

ಬಣ್ಣಬಣ್ಣದ ಸ್ಕೆಚ್‌ಪೆನ್ನಿನಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೆ: ಒಂಬತ್ತಕ್ಕೆ ಗಣಿತ. ಒಂಬತ್ತಕ್ಕೆ ಸರಿಯಾಗಿ ಕುಕ್ಕರು ಕೂಗಿತು. ಕಿರಿಯವಳು ಸೀಟಿ ಎಣಿಸಿ ‘ಗಣಿತ ಮುಗೀತು’ ಎಂದು ಎದ್ದಳು. ದೊಡ್ಡವನನ್ನು ಅಜ್ಜಿ ಅಕ್ಕಿ ಅಳೆಯಲು ಕೂರಿಸಿಕೊಂಡರು. ನಾಲ್ಕು ಪಾವು ಸೇರಿದರೆ ಒಂದು ಸೇರು ಎಂಬುದು ಅವನಿಗೆ ಅರ್ಧ ಗಂಟೆಯಲ್ಲಿ ಬಾಯಿಪಾಠ; ಅಡುಗೆಮನೆ ತುಂಬ ಅಕ್ಕಿ. ‘ಯೂನಿಫಾರಂ ಇಲ್ಲ, ಬೆಲ್ಲಿಲ್ಲ, ಇದೆಂಥ ಶಾಲೆಯೇ?’ ಎಂದು ಗೊಣಗುವವರೂ ಅವರೇ, ಪಾಠದ ನಡುವೆ ಚಕ್ಕುಲಿ ಹಂಚುವವರೂ ಅವರೇ. ಇಂಥ ಮುಖ್ಯೋಪಾಧ್ಯಾಯಿನಿಯನ್ನು ವರ್ಗಾವಣೆ ಮಾಡಿಸುವುದು ಹೇಗೆ?

ಆದರೂ ಪಟ್ಟಿ ತಿದ್ದಿ, ಜುಲೈಗೆ ಹೊಸದು ಹಚ್ಚಿದೆ. ಅವತ್ತೇ ಜಡಿಮಳೆ. ದೊಡ್ಡವನು ಟಿವಿ ನೋಡಿ ಓಡಿಬಂದ: ‘ಅಮ್ಮಾ, ಡಿಸಿ ಎಲ್ಲಾ ಶಾಲೆಗೂ ರಜೆ ಕೊಟ್ಟಿದಾರೆ. ನಮ್ಮದೂ ಶಾಲೆನೇ ಅಲ್ವಾ?’