ಜಲಮಲಾದ್ವೈತ ವಿಚಾರ ಅಥವಾ ಹಳೇ ಪೇಟೆಯ ಕೊಳಾಯಿ ಮೀಮಾಂಸೆ

ಬೆಂಗಳೂರಿನ ಹಳೇ ಪೇಟೆಯ ಗಲ್ಲಿಗಳಲ್ಲಿ ಕುಡಿಯುವ ನೀರಿಗೂ ಒಳಚರಂಡಿಗೂ ಇರುವ ಸಂಬಂಧ ಭೇದವೋ ಅಭೇದವೋ ಎಂಬುದು ಇಲ್ಲಿನ ಜಿಜ್ಞಾಸೆ. ಬೆಳಗಿನ ಜಾವ ಎದ್ದು ಕೊಳಾಯಿ ಕೆಳಗೆ ಬಿಂದಿಗೆಯಿಟ್ಟು ಕಾದವರಿಗಷ್ಟೇ ಇದನ್ನು ಓದುವ ಅರ್ಹತೆ.

ಪೂರ್ವಪಕ್ಷ: ಎಂಜಿನಿಯರುಗಳು ದ್ವೈತಿಗಳು. ಅವರ ನಕ್ಷೆಯಲ್ಲಿ ನೀರಿನ ಪೈಪು ಮೇಲೆ, ಚರಂಡಿ ಪೈಪು ಕೆಳಗೆ, ಭೇದ ನಿತ್ಯ. ಬಿಲ್ಲಿನಲ್ಲೂ ನೀರಿನ ಶುಲ್ಕ ಬೇರೆ, ನೈರ್ಮಲ್ಯದ ಶುಲ್ಕ ಬೇರೆ. ತಾರತಮ್ಯವನ್ನೂ ಅವರು ಬಿಟ್ಟವರಲ್ಲ. 2024ರಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಹೊರವಲಯದ 110 ಹಳ್ಳಿಗಳತ್ತ ಹೊಸ ಪೈಪಿನಲ್ಲಿ ಹೊರಟಿತು. ಪೇಟೆಗೆ ಹಳೇ ಪೈಪು, ಅದರ ಮೇಲೆ ತೇಪೆ.

ಪ್ರಮಾಣಗಳು ಮೂರು. ಪ್ರತ್ಯಕ್ಷ: ಕೊಳಾಯಿ ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ಕಂದು ನೀರು, ಮೂರನೇ ಬಿಂದಿಗೆಗೆ ತಿಳಿ. ಮೊದಲೆರಡನ್ನು ಬಚ್ಚಲಿಗೆ ಸುರಿಯುತ್ತಾರೆ, ಅಂದರೆ ಬಂದಲ್ಲಿಗೇ ವಾಪಸ್ಸು. ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ನಾತವಿದ್ದಲ್ಲಿ ಮ್ಯಾನ್‌ಹೋಲು. ಶಬ್ದ: "ಸ್ವಲ್ಪ ಹೊತ್ತು ಬಿಡಿ ಅಮ್ಮ, ತಿಳಿಯಾಗುತ್ತೆ" ಎಂಬ ವಾಲ್ವ್‌ಮನ್ನನ ಆಪ್ತವಾಕ್ಯ. ನೀರಿನ ಕಚೇರಿಯ ಉತ್ತರವಾದರೋ ಅಪೌರುಷೇಯ; ಹೇಳಿದವರು ಯಾರೆಂದು ಯಾರಿಗೂ ಗೊತ್ತಾಗದು.

ಸಿದ್ಧಾಂತ: ಅಭೇದವೇ ಸತ್ಯ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ ಈ ಊರಿಗೆ ಬಂದವು. ಆ ನೀರನ್ನು ತರುವ ಬೀಡು ಕಬ್ಬಿಣದ ಪೈಪು ಒಳಗೊಳಗೇ ತುಕ್ಕು ಕಟ್ಟಿ ಕಿರಿದಾಗುತ್ತ ಹೋಗುತ್ತದೆ. ಪಕ್ಕದ ಸ್ಟೋನ್‌ವೇರ್ ಚರಂಡಿಯ ಕೀಲುಗಳು ಬಿಡುತ್ತವೆ. ನೀರು ಬಿಟ್ಟಾಗ ಒತ್ತಡವಿರುವುದರಿಂದ ಬಿರುಕಿನಲ್ಲಿ ನೀರು ಹೊರಕ್ಕೆ ಸೋರುತ್ತದೆ. ನಿಲ್ಲಿಸಿದಾಗ ಖಾಲಿ ಪೈಪು ಅದೇ ಬಿರುಕಿನಿಂದ ಸುತ್ತಲಿನ ಕೊಳಕನ್ನು ಒಳಕ್ಕೆಳೆದುಕೊಳ್ಳುತ್ತದೆ. ಯಾರಾದರೂ ಪೈಪಿಗೇ ಮೋಟಾರು ಕಟ್ಟಿದರೆ ಐಕ್ಯ ಇನ್ನೂ ಬೇಗ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಪಂಪಿನಿಂದ ಏರಿ ಬಂದ ಕಾವೇರಿಗೆ ಕೊನೆಯ ಹತ್ತಡಿಯಲ್ಲಿ ಸಾಯುಜ್ಯ. ಮಾಯೆಯೆಂದರೆ ಮೇಲಿನ ಡಾಂಬರು. ಅಗೆದ ದಿನ ಜ್ಞಾನೋದಯ, ಮುಚ್ಚಿದ ದಿನ ಮತ್ತೆ ಅವಿದ್ಯೆ.

ಮತಾಂತರಗಳು: ಫಿಲ್ಟರ್ ಕೊಂಡವರದು ವಿಶಿಷ್ಟಾದ್ವೈತ, ಎರಡೂ ಒಂದೇ, ಕ್ಯಾಂಡಲ್ ಬದಲಿಸಿದ ವಾರ ಮಾತ್ರ ಬೇರೆ. ಅನುಕೂಲಸ್ಥರದು ಸಂನ್ಯಾಸ, ತೊಟ್ಟಿಮನೆಯನ್ನು ಸೀರೆ ಗೋದಾಮಿಗೆ ಬಾಡಿಗೆ ಕೊಟ್ಟು ಬಡಾವಣೆ ಸೇರಿದ್ದಾರೆ. ಹಾಗೆ ಹೋದವರ ಜೊತೆಗೇ ಕಚೇರಿಗೆ ಹೋಗಿ ಜಗಳವಾಡುವ ದನಿಗಳೂ ಹೋದವು. ಉಳಿದವರು ಬಾಡಿಗೆದಾರರು, ಗೋದಾಮಿನ ಹಮಾಲರು. ಅವರ ದೂರಿಗೆ ಇರುವ ಒತ್ತಡ ಕೊಳಾಯಿಯಲ್ಲಿರುವಷ್ಟೇ.

ಆಕ್ಷೇಪ: ಕಟ್ಟಿಕೊಂಡ ಚರಂಡಿಗೆ ಯಂತ್ರವಿಲ್ಲವೆ? ಇದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧವೂ ಹೌದು. ಆದರೆ ಯಂತ್ರದ ಲಾರಿ ಗಲ್ಲಿಯ ಬಾಯಲ್ಲೇ ನಿಲ್ಲುತ್ತದೆ; ಒಳಗೆ ಹಿಡಿಸುವುದು ಮನುಷ್ಯ ಮಾತ್ರ. ಈ ಆಕ್ಷೇಪಕ್ಕೆ ನಮ್ಮ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಫಲಶ್ರುತಿ: ಬಿಂದಿಗೆ ತುಂಬುವ ತನಕ ಇದನ್ನು ಪಠಿಸಿದವರಿಗೆ ದೂರಿನ ಸಂಖ್ಯೆ ಪ್ರಾಪ್ತವಾಗುವುದು. ಅರ್ಥವರಿತು ಪಠಿಸಿದವರಿಗೆ ಟ್ಯಾಂಕರ್. ಮೂರು ಪ್ರತಿ ಬರೆದು ಕಚೇರಿಗೆ ಸಲ್ಲಿಸಿದವರಿಗೆ ಚುನಾವಣೆಗೆ ಮೊದಲಿನ ತಿಂಗಳಲ್ಲಿ ಎರಡಡಿ ಹೊಸ ಪೈಪು, ಅದೂ ಎರಡು ಹಳೇ ತುಂಡುಗಳ ನಡುವೆ.