ಕೊಡೆ ಹಿಡಿದು ಕುಡ್ಲಕ್ಕೆ

ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನ ನಮ್ಮಮ್ಮ ಏಕಾದಶಿ ಯಾವತ್ತು, ಗ್ರಹಣ ಯಾವತ್ತು ಅಂತ ನೋಡುತ್ತಿದ್ದರು. ನನ್ನ ಮಕ್ಕಳು ನೋಡುವುದು ಒಂದೇ: ಸರ್ಕಾರಿ ರಜೆ ಶುಕ್ರವಾರ ಬಿದ್ದಿದೆಯೋ, ಸೋಮವಾರ ಬಿದ್ದಿದೆಯೋ. ಆಗಸ್ಟ್ 15 ಭಾನುವಾರ ಬಂದ ವರ್ಷ ಅವರ ಮುಖ ನೋಡಬೇಕು, ಬ್ರಿಟಿಷರು ವಾಪಸ್ಸು ಬಂದುಬಿಟ್ಟರೇನೋ ಅನ್ನಬೇಕು. ಸೋಮವಾರ ಬಂತೋ, ಶುಕ್ರವಾರ ಸಂಜೆಗೇ ಅರ್ಧ ಬೆಂಗಳೂರು ನೆಲಮಂಗಲದ ಟೋಲ್‌ಗೇಟಿನಲ್ಲಿ. ಎಲ್ಲಿಗೆ ಸ್ವಾಮೀ ಅಂದರೆ ಚಿಕ್ಕಮಗಳೂರು, ಸಕಲೇಶಪುರ, ಕುದುರೆಮುಖ. ಮಳೆ ನೋಡುವುದಕ್ಕಂತೆ. ಮಳೆಗಾಲದಲ್ಲಿ ಗುಡ್ಡ ಹತ್ತಿದರೆ ಏನು ಕಾಣುತ್ತೆ ಅಂತ ಕಾಂಪೌಂಡಿನಾಚೆಯ ಮನೆಯವರನ್ನು ಕೇಳಿದೆ. "ಮಂಜು ಕಾಣುತ್ತೆ ರೀ" ಅಂದರು. ಮಂಜಿನ ಹಿಂದೆ? "ಮುಂದಿನ ಕಾರಿನ ಕೆಂಪು ಲೈಟು" ಅಂದರು. ಪ್ರಾಮಾಣಿಕರು.

ನನ್ನ ಗೆಳತಿ ಬನಶಂಕರಿಯಲ್ಲಿದ್ದಾಳೆ, ನಾನು ಹೆಬ್ಬಾಳದಾಚೆ. ಒಂದೇ ಊರಿನಲ್ಲಿದ್ದೇವೆ, ಹಾಗಾಗಿ ಭೇಟಿಯಾಗುವುದೇ ಇಲ್ಲ. ಫೋನಿನಲ್ಲಿ ಮಾತು ಶುರುವಾದರೆ ಅವಳ ಕುಕ್ಕರ್ ಕೂಗುತ್ತದೆ, ನನ್ನ ಮನೆಯ ಬೆಲ್ ಆಗುತ್ತದೆ. ಸೋಮವಾರದ ಆಗಸ್ಟ್ 15 ಕಂಡದ್ದೇ ಅವಳು, "ಮಂಗಳೂರಿಗೆ ಹೋಗಿ ಬರೋಣ ಕಣೇ, ನಾವಿಬ್ಬರೇ" ಅಂದಳು. ಆಗಸ್ಟಿನಲ್ಲಾ ಅಂತ ಕೇಳಿದೆ. ಆಗಸ್ಟಿನಲ್ಲೇ ಅಂದಳು. ಮನೆಯಲ್ಲಿ ಹೇಳಿದ್ದಕ್ಕೆ ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಮಳೇಲಿ ನೆನೆಯೋದಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕಾ? ಸಿಲ್ಕ್ ಬೋರ್ಡಿನಲ್ಲಿ ನಿಂತ್ಕೊಂಡರೆ ಪುಕ್ಕಟೆ" ಅಂದರು. ಅವಳ ಯಜಮಾನರು ಹವಾಮಾನ ಇಲಾಖೆಯ ಬಣ್ಣಗಳನ್ನು ಓದಿ ಹೇಳಿದರಂತೆ: ಹಳದಿ, ಕಿತ್ತಳೆ, ಕೆಂಪು. ಸೀರೆ ಅಂಗಡಿಯಲ್ಲಿ ಇಷ್ಟು ಆಸ್ಥೆಯಿಂದ ಬಣ್ಣ ನೋಡಿದವರಲ್ಲ.

ನಮ್ಮವರು ಹೇಳಿದ್ದು ತಮಾಷೆಗೇ ಆದರೂ ವಿಷಯ ಇರುವುದು ಅಲ್ಲೇ. ಬೆಂಗಳೂರಿಗೆ ಪ್ರತಿ ಮಳೆಯೂ ಮೊದಲ ಮಳೆ. ಅರ್ಧ ಗಂಟೆ ಹೊಯ್ದರೆ ಸಾಕು, ಅಂಡರ್‌ಪಾಸಿನಲ್ಲಿ ನೀರು, ರಸ್ತೆಯಲ್ಲಿ ಮರ, ಟೀವಿಯಲ್ಲಿ ಬ್ರೇಕಿಂಗ್ ನ್ಯೂಸು. ನಮಗೆ ವರ್ಷಕ್ಕೆ ಬೀಳುವುದೇ ಸಾವಿರ ಮಿಲಿಮೀಟರಿನ ಆಚೀಚೆ. ಮಂಗಳೂರಿಗೆ 3,500ಕ್ಕೂ ಮಿಕ್ಕಿ. ನಮ್ಮ ಇಡೀ ವರ್ಷದ ಮಳೆಯನ್ನು ಅವರು ಹೆಚ್ಚುಕಡಿಮೆ ಜುಲೈ ಒಂದು ತಿಂಗಳಲ್ಲೇ ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಮಳೆ ಹೇಳದೆ ಕೇಳದೆ ಬಂದ ನೆಂಟ, ಅಲ್ಲಿ ಮನೆಯ ಹಿರೀಸೊಸೆ.

ಹಗಲು ರೈಲಿನಲ್ಲಿ ಹೋದೆವು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, ಅದರಲ್ಲಿ 57 ಸುರಂಗ. ಸುರಂಗದೊಳಗೆ ರೈಲು ನುಗ್ಗಿದಾಗ ಬೋಗಿಯ ಮಕ್ಕಳೆಲ್ಲ ಕಿರುಚಬೇಕೆನ್ನುವುದು ಆ ದಾರಿಯ ಅಲಿಖಿತ ಕಾನೂನು. ಮೊದಲ ಸುರಂಗಗಳಲ್ಲಿ ದೊಡ್ಡವರೂ ಕಿರುಚಿದರು, ನನ್ನ ಗೆಳತಿಯೂ. ಹತ್ತಿಪ್ಪತ್ತು ಆಗುವಷ್ಟರಲ್ಲಿ ಗಂಟಲು ಸೋತು ಎಲ್ಲರೂ ಚುರುಮುರಿಗೆ ಇಳಿದರು. ಹೊರಗೆ ಬಂಡೆ ಬಂಡೆಯಿಂದಲೂ ನೀರು. ಮೀಟರ್‌ಗೇಜನ್ನು ಬ್ರಾಡ್‌ಗೇಜ್ ಮಾಡುವುದಕ್ಕೆಂದು ಈ ದಾರಿಯನ್ನು 1996ರಲ್ಲಿ ಮುಚ್ಚಿದ್ದರು. ಮತ್ತೆ ಜನರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಮಳೆಗಾಲದಲ್ಲಿ ಗುಡ್ಡ ಜರಿದು ಈಗಲೂ ಆಗಾಗ ನಿಲ್ಲುತ್ತದೆ. ನಾವು ಹೋದಾಗ ಗುಡ್ಡಗಳು ಮರ್ಯಾದೆಯಿಂದ ನಿಂತಲ್ಲೇ ನಿಂತಿದ್ದವು.

ಮಂಗಳೂರಿನಲ್ಲಿ ಇಳಿದ ಕೂಡಲೇ ನಮ್ಮ ಕೊಡೆಗಳಿಗೆ ಅವಮಾನವಾಯಿತು. ನಾವು ಕೊಂಡೊಯ್ದದ್ದು ಮೂರು ಮಡಿಕೆಯ, ವ್ಯಾನಿಟಿ ಬ್ಯಾಗಿಗೆ ಹಿಡಿಸುವ ಬೆಂಗಳೂರು ಕೊಡೆ. ಹಂಪನಕಟ್ಟೆಯಲ್ಲಿ ಬಿಚ್ಚಿದ ತಕ್ಷಣ ಗಾಳಿಗೆ ಮೇಲ್ಮುಖವಾಗಿ ನೀರು ಹಿಡಿಯಲು ಶುರು ಮಾಡಿತು. ಆ ಊರಿನ ಹಿರಿಯರು ಊರುಗೋಲಿನಷ್ಟು ಉದ್ದದ ಕರೀ ಕೊಡೆ ಹಿಡಿಯುತ್ತಾರೆ. ಮಳೆ ನಿಂತರೆ ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ಎರಡೂ ಕೈ ಬೀಸಿ ನಡೆಯುತ್ತಾರೆ. ಅಂಗಡಿಯ ಬಾಗಿಲಲ್ಲಿ ಒದ್ದೆ ಕೊಡೆ ನಿಲ್ಲಿಸಲು ಬಕೆಟ್ಟು, ಕಾಲೊರೆಸಲು ಗೋಣಿ. ಮನೆಯ ಕೆಂಪುಕಲ್ಲಿನ ಗೋಡೆಗೆ ಎರಚಲು ಹೊಡೆಯದ ಹಾಗೆ ಪ್ಲಾಸ್ಟಿಕ್ ಹೊದಿಕೆ. ಸಿಟಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಅರ್ಧ ಮೈ ಹೊರಗೆ ಹಾಕಿಕೊಂಡೇ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಅಂತ ಕೂಗುತ್ತಾನೆ, ಸೀಟಿ ಊದಿ "ರೈಟ್ ಪೋಯಿ" ಅನ್ನುತ್ತಾನೆ. ಅವನ ಶರಟಿನ ಅರ್ಧ ಒದ್ದೆ, ಅರ್ಧ ಒಣಗಿದ್ದು.

ಮತ್ತೆ ಆ ಊರಿನವರ ಜಂಬ! ಆಟೋದಲ್ಲಿ ಕೂತು ನನ್ನ ಗೆಳತಿ, "ಅಬ್ಬಾ, ಏನು ಮಳೆ" ಅಂದಳು. ಮುಂದಿನ ಗಾಜಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಆಟೋದವರು ತಿರುಗಿ ನೋಡಿ, "ಇದಾ? ಇದು ಎಂತ ಮಳೆ ಅಕ್ಕಾ, ಮಳೆ ಎಲ್ಲ ಜುಲೈಯಲ್ಲೇ ಮುಗ್ದಿದೆ" ಅಂದರು. ಹೋಟೆಲಿನ ಕ್ಯಾಶಿಯರಿಗೆ ಹೇಳಿದೆ, "ಮೊದಲೆಲ್ಲ ಬರ್ತಿತ್ತು ಮಾರಾಯ್ರೆ ಮಳೆ, ಈಗ ಎಲ್ಲುಂಟು?" ಅಂದರು. ಹೂ ಮಾರುವ ಅಜ್ಜಿಯೂ ಅದೇ ರಾಗ. ಆ ಊರಿನಲ್ಲಿ ನಿಜವಾದ ಮಳೆ ಯಾವಾಗಲೂ ನಾವು ಬರುವ ಮುಂಚೆ ಬಂದು ಹೋಗಿರುತ್ತದೆ.

ನೋಡಬೇಕಾದ ಜಾಗಗಳನ್ನು ಗೆಳತಿ ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡಿದ್ದಳು. ಪಣಂಬೂರು ಬೀಚು, ತಣ್ಣೀರುಬಾವಿ ಬೀಚು, ಸೋಮೇಶ್ವರ ಬೀಚು. ಆಗಸ್ಟಿನ ಕಡಲು ಮಣ್ಣಿನ ಬಣ್ಣದ್ದು, ಹತ್ತಿರ ಹೋಗಬೇಡಿ ಅಂತ ಕಡಲೇ ಹೇಳುತ್ತಿರುತ್ತದೆ. ಪಟ್ಟಿ ಅಲ್ಲಿಗೇ ಕೊಚ್ಚಿಹೋಯಿತು. ನನಗೆ ಒಳಗೊಳಗೇ ಖುಷಿ. ಬೀಚಿನಲ್ಲಿ ಏನಿದೆ, ಮರಳು ಚಪ್ಪಲಿಗೆ ಹತ್ತುತ್ತದೆ. ಸೂರು ಇರುವ ಜಾಗಗಳನ್ನು ನೋಡಿದೆವು.

ಸೂರು ಅಂದರೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ನದೀತೀರದ ಜೇಡಿಮಣ್ಣಿನಲ್ಲಿ ಸುಟ್ಟು ತೆಗೆದ ಹಂಚು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುತ್ತದೆ, ನೀರು ತೋಡು ಹಿಡಿದು ಜಾರಿಹೋಗುತ್ತದೆ. ಅಷ್ಟೇ ಉಪಾಯ. ಆದರೆ ನೂರು ವರ್ಷದ ಮನೆಯೊಳಗೆ ನಿಂತರೆ ತಲೆಯ ಮೇಲೆ ಅಷ್ಟು ಗದ್ದಲ, ನೆಲದ ಮೇಲೆ ಒಂದು ಹನಿ ಇಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಇನ್ನೂ ಹತ್ತು ವರ್ಷವಾಗಿಲ್ಲ, ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಮಾಡಿಸಿ ಸಂಘದ ದುಡ್ಡೆಲ್ಲ ಸೋರಿಹೋಗಿದೆ.

ಈ ಮಿಷನ್ನಿನವರು ಹಂಚಿಗೇ ನಿಲ್ಲಲಿಲ್ಲವಲ್ಲ. ಕಿಟೆಲರ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಊರಿನಿಂದ. ಅದಕ್ಕೂ ಎಷ್ಟೋ ಮೊದಲು, 1843ರ ಜುಲೈ 1ರಂದು, ಹೆರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದು. ದಿನಾಂಕ ನೋಡಿ, ಜುಲೈ 1! ಜಡಿಮಳೆಯ ನಟ್ಟನಡುವೆ. ಮನೆಯಿಂದ ಹೊರಬೀಳಲಾಗದ ಜನ ಏನನ್ನಾದರೂ ಓದಿಯೇ ಓದುತ್ತಾರೆ ಎಂದು ಮೊಗ್ಲಿಂಗರಿಗೆ ಗೊತ್ತಿತ್ತು ಅನ್ನುವುದು ನನ್ನ ಸ್ವಂತ ಸಂಶೋಧನೆ. ಆಧಾರ ಕೇಳಬೇಡಿ.

ಸಂತ ಅಲೋಶಿಯಸ್ ಚಾಪೆಲ್ಲಿನೊಳಗೆ ಮಾತ್ರ ಬಹಳ ಹೊತ್ತು ಕೂತೆವು. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅದರ ಗೋಡೆ, ಕಂಬ, ಸೂರು ಒಂದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯ ಮೇಲಿನವು ಫ್ರೆಸ್ಕೊ. ಗಾರೆ ಒದ್ದೆಯಿರುವಾಗಲೇ ಬಣ್ಣ ಹಚ್ಚಿಬಿಡಬೇಕು, ಒಣಗಿದರೆ ಹಿಡಿಯುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಗಾರೆ ಒಣಗುವ ಚಿಂತೆ ಆ ಪುಣ್ಯಾತ್ಮನಿಗೆ ಇದ್ದಿರಲಾರದು. ಮೇಲಿನ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದವು. ಬರೆದು ನಾಲ್ಕು ವರ್ಷಕ್ಕೆ, 1905ರಲ್ಲಿ, ಕೊಚ್ಚಿಯಲ್ಲಿ ತೀರಿಕೊಂಡರು. ಇಟಲಿಗೆ ವಾಪಸ್ಸಾಗಲೇ ಇಲ್ಲ. ಬೆಂಚಿನ ಮೇಲೆ ಕತ್ತು ಹಿಂದಕ್ಕೆ ಬಾಗಿಸಿ ನೋಡುತ್ತಾ ಗೆಳತಿ ಮೆಲ್ಲಗೆ, "ನಮ್ಮನೆ ಹಾಲಿಗೆ ಬಣ್ಣ ಹೊಡೆಯೋಕೆ ಬಂದವನು ಎರಡು ತಿಂಗಳಾದರೂ ಮುಗಿಸಿಲ್ಲ ಕಣೇ" ಅಂದಳು.

ಕದ್ರಿಯಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹ ನೋಡಿ, ಗುಡ್ಡದ ಕೆರೆಗಳ ಕಡೆ ಹತ್ತಲು ಹೋಗಿ, ಪಾಚಿ ಕಂಡು ವಿವೇಕದಿಂದ ಇಳಿದೆವು. ಸೋಮವಾರ ಬೆಳಿಗ್ಗೆ ರೈನ್‌ಕೋಟು ತೊಟ್ಟ ಪುಟಾಣಿಗಳು ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಧ್ವಜವಂದನೆಗೆ ಓಡುತ್ತಿದ್ದವು. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುವ ಜಿಲ್ಲೆ ಅದು. ಆಗಸ್ಟ್ 15ಕ್ಕೆ ಅವರೂ ಏನೂ ಮಾಡುವ ಹಾಗಿಲ್ಲ.

ಇನ್ನು ತಿಂಡಿ. ಇದನ್ನು ಬೇಗ ಮುಗಿಸುವ ಉದ್ದೇಶ ನನಗಿಲ್ಲ. ತುಳುವರ ಆಟಿ ತಿಂಗಳು ಮುಗಿಯಲು ಬಂದಿತ್ತು. ಹಿಂದೆ ಆಟಿ ಅಂದರೆ ಹೊರಗೆ ಕೆಲಸವಿಲ್ಲ, ಪಣತದಲ್ಲಿ ಅಕ್ಕಿಯಿಲ್ಲ, ಶುಭಕಾರ್ಯವಿಲ್ಲ. ಗುಡ್ಡೆಯಲ್ಲಿ ಸಿಕ್ಕಿದ ಸೊಪ್ಪು, ಕೆಸುವಿನೆಲೆ, ಮರಕೆಸುವೇ ಗತಿ. ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಹಿ ಕಷಾಯ ಬೇರೆ. ಈಗ 'ಆಟಿಡೊಂಜಿ ದಿನ' ಅಂತ ಸಭಾಂಗಣದಲ್ಲಿ ಭಾಷಣ ಮಾಡಿ ಸಾಲುಗಟ್ಟಿ ಬಡಿಸುತ್ತಾರೆ. ಬಡತನದ ಊಟ ಬಫೆಯಾಗಿದೆ. ಆಗಲಿ ಬಿಡಿ, ಪತ್ರೊಡೆ ಮಾತ್ರ ಅದೇ ರುಚಿ. ಎಲೆಗೆ ಮಸಾಲೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ ಒಗ್ಗರಣೆ ಹಾಕಿದ್ದು. ಬೆಂಗಳೂರಿನಲ್ಲಿ ಮಾಡಿದರೆ ಗಂಟಲು ತುರಿಸುತ್ತದೆ. ಹುಳಿ ಸಾಲದು ಅನ್ನುತ್ತಾರೆ ತಿಳಿದವರು.

ಗೆಳತಿ ಸಸ್ಯಾಹಾರಿ, ನಾನಲ್ಲ. ಮಧ್ಯಾಹ್ನ ಅವಳು ನೀರುದೋಸೆಯ ಕಡೆ, ನಾನು ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ ಕಡೆ. ಸಂಜೆ ನಾಲ್ಕಕ್ಕೆ ಗೋಳಿಬಜೆಯ ಮುಂದೆ ಮತ್ತೆ ಒಂದಾಗುತ್ತಿದ್ದೆವು. ಹುಳಿ ಮಜ್ಜಿಗೆಯಲ್ಲಿ ಕಲಸಿದ ಮೈದಾ, ಹೊರಗೆ ಗರಿ, ಒಳಗೆ ಹತ್ತಿ, ಪಕ್ಕದಲ್ಲಿ ಕಾಯಿಚಟ್ನಿ. ಜೊತೆಗೆ ಬನ್ಸ್, ಆಮೇಲೆ ಕಷಾಯ. ಅದಾದ ಮೇಲೂ, ಹೊರಗೆ ಧೋ ಅಂತ ಸುರಿಯುತ್ತಿರುವಾಗ, ಐಡಿಯಲ್‌ನವರ ಗಡ್‌ಬಡ್ ಬೇಕೇ ಬೇಕು ಅಂತ ಅವಳ ಹಟ. ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ. ನೆಗಡಿಯಾಗುತ್ತೆ ಕಣೇ ಅಂದೆ. "ನಮ್ಮತ್ತೆ ಇಲ್ಲಿಲ್ಲ ಕಣೇ" ಅಂದಳು.

ಮಾತು? ಅದಕ್ಕೇ ತಾನೇ ಹೋದದ್ದು. ಒಂದು ಸಂಜೆ ಸೆಂಟ್ರಲ್ ಮಾರ್ಕೆಟ್ ಹತ್ತಿರದ ಅಂಗಡಿಯ ಮುಂಗಟ್ಟಿನಲ್ಲಿ ಸಿಕ್ಕಿಬಿದ್ದೆವು. ಮಳೆ ಬಿಡುವ ಲಕ್ಷಣವಿರಲಿಲ್ಲ. ಅಂಗಡಿಯವರು ಕೇಳದೆಯೇ ಎರಡು ಸ್ಟೂಲು ಹಾಕಿದರು. ಅವಳು ಕೆಲಸ ಬಿಟ್ಟದ್ದು ಯಾಕೆ, ನಮ್ಮ ತಂದೆಯ ಕೊನೆಯ ದಿನಗಳು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಇಬ್ಬರ ಮೊಣಕಾಲು, ಎಲ್ಲ ಬಂತು. ಬೆಂಗಳೂರಿನಲ್ಲಿ ನಮ್ಮ ಮಾತೆಲ್ಲ "ಸರಿ ಕಣೇ, ಟ್ರಾಫಿಕ್ಕು ಶುರುವಾಗುತ್ತೆ" ಎನ್ನುವಲ್ಲಿ ತುಂಡಾಗುತ್ತಿತ್ತು. ಅಲ್ಲಿ ಹೊರಡುವುದಕ್ಕೆ ದಾರಿಯೇ ಇರಲಿಲ್ಲ.

ಮಂಗಳೂರು ಮಳೆಯನ್ನು ಪೂರಾ ಗೆದ್ದಿದೆ ಅಂತ ನಾನು ಹೇಳುತ್ತಿಲ್ಲ. ಜೋರು ಹೊಯ್ದರೆ ಕೊಟ್ಟಾರ ಚೌಕಿ ಕೆರೆಯಾಗುತ್ತದೆ, ಪಂಪ್‌ವೆಲ್ಲಿನಲ್ಲೂ ನೀರು ನಿಲ್ಲುತ್ತದೆ. ಪಂಪ್‌ವೆಲ್ ಮೇಲ್ಸೇತುವೆ ಕಟ್ಟಿ 2020ರ ಜನವರಿಯಲ್ಲಿ ತೆರೆಯುವಷ್ಟರಲ್ಲಿ ಹತ್ತು ವರ್ಷ ಹಿಡಿಯಿತು, ಅದರ ಜೋಕು ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಗದ್ದೆ, ತೋಡು ಮುಚ್ಚಿ ಕಾಂಕ್ರೀಟ್ ಹಾಕಿದ ಕಡೆಯೆಲ್ಲ ಅವರೂ ಬೆಂಗಳೂರೇ ಆಗುತ್ತಿದ್ದಾರೆ. ಹಂಚಿನ ಮನೆ ಕೆಡವಿ ಎದ್ದ ಗೋಪುರಗಳು ಊರ ತುಂಬ. ಬೇಗ ಹೋಗಿ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಹೋಗುವವರು ಉದ್ದ ಕೊಡೆ ಒಯ್ಯಿರಿ, ಬಿಳಿ ಬಟ್ಟೆ ಬೇಡ, ಒಗೆದದ್ದು ಅಲ್ಲಿ ಒಣಗುವುದಿಲ್ಲ. ಮೀನು ತಿನ್ನುವವರು ಜೂನ್, ಜುಲೈ ಬಿಡಿ, ಯಾಂತ್ರಿಕ ಬೋಟುಗಳಿಗೆ ಆ 61 ದಿನ ನಿಷೇಧ. ಆಗಸ್ಟ್ 1ರಿಂದ ಕಡಲಿಗಿಳಿಯುತ್ತವೆ. ರೈಲಿನ ಟಿಕೆಟ್ ಮಾತ್ರ ಮರೆಯಬೇಡಿ. ಈಗ ಬುಕಿಂಗ್ ತೆರೆಯುವುದು 60 ದಿನ ಮೊದಲು, ಸ್ವಾತಂತ್ರ್ಯ ದಿನಕ್ಕೆ ಹೋಗುವವರು ಜೂನ್ ಮಧ್ಯದಲ್ಲೇ ಬೆಳಿಗ್ಗೆ ಎಂಟಕ್ಕೆ ಎದ್ದು ಕೂರಬೇಕು. ಕಾಫಿ ಕುಡಿದು ಬರುತ್ತೇನೆ ಅಂದವರಿಗೆ ಸಿಗುವುದು ವೇಟಿಂಗ್ ಲಿಸ್ಟು.